ಹತ್ತು ಲಕ್ಷದ ಒಂದನೆಯ ಚೀಟಿ

ಮಂಡ್ಯ, ರಾತ್ರಿ ಪಾಳಿ. ತೂಕದ ಮನೆಯ ಕಿಟಕಿಗೆ
ಕಬ್ಬಿನಹಾಲು ಕುದಿವ ವಾಸನೆ.
ಕೆರಗೋಡಿನ ಗಾಡಿಗೆ ಹರಿದುಕೊಟ್ಟ ಚೀಟಿ:
೧೦,೦೦,೦೦೧.
ಅತ್ತಲಿಂದ ಓದಿದರೂ ಅದೇ, ಇತ್ತಲಿಂದಲೂ ಅದೇ;
ನಡುವೆ ಐದು ಸೊನ್ನೆ, ಮೆಲುಕು ಹಾಕುತ್ತ ಮಲಗಿದ ಎತ್ತುಗಳು.

ಕಾರ್ಬನ್ ಪ್ರತಿಯ ಬೆನ್ನಿಗೆ ಭಾಗಾಕಾರ ಹಾಕಿದೆ.
ಮೂರಕ್ಕೆ ಹಂಚಿದೆ, ಎರಡು ಉಳಿಯಿತು.
ಏಳಕ್ಕೆ, ಎರಡು.
ಹನ್ನೊಂದಕ್ಕೆ, ಹದಿಮೂರಕ್ಕೆ, ಮತ್ತದೇ ಎರಡು:
ಪಂಕ್ತಿ ಎದ್ದ ಮೇಲೂ ಎಲೆ ಬಿಡದ ಇಬ್ಬರು.

"ಏನವ್ವ ಗೀಚ್ತಿದ್ದೀಯೆ, ತೂಕ ತಪ್ಪೋಯ್ತಾ?" ಜವನೇಗೌಡ.
"ತೂಕ ಸರಿಯಾಗದೆ ಕನಣ್ಣ. ನಂಬರು ಮುರೀತಿಲ್ಲ."
ಒಂದು ಜಲ್ಲೆ ಎಳೆದು ಕೈಗಿಟ್ಟ:
"ಗೆಣ್ಣು ನೋಡ್ಕೊಂಡು ಮುರಿ."

ಗೆಣ್ಣು ಸಿಕ್ಕಿದ್ದು ನೂರೊಂದರಲ್ಲಿ.
ಮದುವೆಮನೆಯಲ್ಲಿ ಅವ್ವ ಬರೆಸುತ್ತಿದ್ದ ಮುಯ್ಯಿ.
ನೂರು ಸಾಕಲ್ಲವ್ವ, ಮೇಲೊಂದು ಯಾಕೆ ಅಂದರೆ,
"ಲೆಕ್ಕ ಚುಕ್ತಾ ಆಗಬಾರ್ದು ಕನ, ನೆಂಟಸ್ತನ."

ಇನ್ನೊಂದು ತುಂಡು
ಒಂಬತ್ತು ಸಾವಿರದ ಒಂಬೈನೂರ ಒಂದು.
ತೊಂಬತ್ತೇಳರ ತನಕ ಒಂದೊಂದೇ ಹಲ್ಲಿಟ್ಟು ನೋಡಿದೆ,
ಸಿಪ್ಪೆಯೂ ಏಳಲಿಲ್ಲ.

ಕೋಳಿ ಕೂಗಿತು. ಮುಂದಿನ ಗಾಡಿ.
ಹತ್ತು ಲಕ್ಷದ ಎರಡು.
ನೋಡಿದ್ದೇ ತಡ, ಸರಿಯಾಗಿ ಅರ್ಧಕ್ಕೆ ಸೀಳಿತು, ಪಾಪ.