ಗಿರಣಿ ನಿಂತ ಒಂದು ಗಂಟೆ

ಗಿರಣಿಯ ಮುಖ ನೋಡುವ ಮೊದಲೇ ಅದರ ಗೀಟು ಕಂಡಿದ್ದೆ.
ರಿಪ್ಪನ್‌ಪೇಟೆಯಾಚೆ, ಮುಚ್ಚಿದ ಕಲ್ಲುಕ್ವಾರಿಯ ತಳದಲ್ಲಿ
ಬಂಡೆಗೆ ಕಿವಿಹಚ್ಚಿ ಕೂರಿಸಿದ ನನ್ನ ಸೈಸ್ಮೋಮೀಟರು
ಬೆಳಿಗ್ಗೆ ಒಂಬತ್ತಕ್ಕೆ, ಹತ್ತು ಹರ್ಟ್ಜಿನ ಬಳಿ,
ಒಂದು ಗೋಪುರ ಎಬ್ಬಿಸುತ್ತಿತ್ತು. ಒಂದೂವರೆಗೆ ಮಲಗಿಸುತ್ತಿತ್ತು.
ಕರೆಂಟು ಹೋದರೆ ಗೋಪುರವೂ ಹೋಗುತ್ತಿತ್ತು.
ಭಾನುವಾರ ಮಾತ್ರ ತಡ.
ಯಾರೋ ಇಗರ್ಜಿಗೆ ಹೋಗಿಬರುವವರು ಎಂದುಕೊಂಡೆ.

ಹಾಗೆ, ಗೀಟು ಹಿಡಿದು ನಡೆಯುತ್ತ, ತಲುಪಿದ್ದು
ಜುಲಿಯಾನಬಾಯಿಯ ಹಿಟ್ಟಿನ ಗಿರಣಿಗೆ.

"ಒಂದು ಗಂಟೆ ನಿಲ್ಲಿಸಬಹುದೇ?"
"ಯಾಕೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರಾ?"

ಹೇಳಿದೆ. ಎಲ್ಲೋ ಎರಡು ಕಪ್ಪುಕುಳಿಗಳು
ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೆ ಒಂದಾಗುವಾಗ
ಜಾಗವೇ ಅದುರುತ್ತದೆ. ಆ ಅದುರು
ಕೋಟಿಗಟ್ಟಲೆ ವರ್ಷ ನಡೆದು ನಮ್ಮನ್ನು ಹಾದುಹೋಗುತ್ತದೆ.
ಆಗ, ನಾಲ್ಕು ಕಿಲೋಮೀಟರ್ ಅಂತರದ ಎರಡು ಕನ್ನಡಿಗಳ ನಡುವೆ
ಪ್ರೋಟಾನಿನ ಸಾವಿರದಲ್ಲೊಂದು ಪಾಲು ಹೆಚ್ಚುಕಮ್ಮಿ.
ಅಷ್ಟನ್ನು ಹಿಡಿಯಬೇಕು. ಅದಕ್ಕೆ ಸುಮ್ಮನಿರುವ ನೆಲ ಬೇಕು.

ಆಕೆ ಹುಬ್ಬಿನ ಹಿಟ್ಟು ಒರೆಸಿಕೊಂಡರು.
"ಅದೆಷ್ಟು ಸಣ್ಣ, ನಿಮ್ಮ ಪ್ರೋಟಾನು?"
ಅವರ ಬೆರಳ ತುದಿಯ ಒಂದು ಧೂಳು ತೋರಿಸಿ
"ಇದು ಭೂಮಿಯಷ್ಟು ದಪ್ಪವಾದರೆ, ಅದು ಒಂದು ರವೆ" ಎಂದೆ.
"ಆ ರವೆಯಲ್ಲಿ ಸಾವಿರ ಪಾಲು?"
"ಸಾವಿರ ಪಾಲು."
"ನನ್ನ ಯಾವ ಜರಡಿಯಲ್ಲೂ ನಿಲ್ಲಲಿಕ್ಕಿಲ್ಲ"
ಎಂದು ಸ್ವಿಚ್ಚು ಕೆಳಗೆಳೆದರು.

ಬೆಲ್ಟು ಎರಡು ಸುತ್ತು ಹೆಚ್ಚಿಗೆ ಹೊಡೆದು ನಿಂತಿತು.
ಮೆಣಸಿನಕಾಯಿ ಡಬ್ಬ ಮಡಿಲಲ್ಲಿಟ್ಟು ಕಾದಿದ್ದ ಹೂವಮ್ಮ
"ಅವು ಒಂದಾಗಿ ಕೋಟಿ ವರ್ಷ ಆಯ್ತಂತೆ,
ನಂಗೆ ಮಧ್ಯಾಹ್ನದ ಸಾರಿಗೆ ಖಾರ ಇಲ್ಲ" ಎನ್ನುತ್ತಲೇ
ನಮ್ಮ ಜೊತೆ ಕ್ವಾರಿಗೆ ಇಳಿದಳು.

ಪರದೆಯ ಮೇಲೆ ಗೋಪುರ ಕರಗಿತು.
ಆನಂದಪುರದ ರಸ್ತೆಯಲ್ಲಿ ಲಾರಿಯೊಂದು ಬಂದು ಹೋಯಿತು.
ಎಲ್ಲ ಹೋದ ಮೇಲೆ ಉಳಿಯಿತು
ಒಂದು ಏರು, ಒಂದು ಇಳಿ,
ಆರು ಸೆಕೆಂಡಿಗೊಮ್ಮೆ,
ಅವಸರವಿಲ್ಲದ ಬೀಸುಕಲ್ಲಿನ ಹಾಗೆ.

"ಅದು ಯಾರ ಗಿರಣಿ?"
"ಕಡಲಿನದು" ಎಂದೆ. "ಘಟ್ಟದ ಕೆಳಗೆ
ಅಲೆಗಳು ಕಡಲತಳವನ್ನು ಗುದ್ದುವುದು.
ಬಂಡೆಯೊಳಗಿಂದಲೇ ಇಲ್ಲಿಗೂ ಬರುತ್ತದೆ.
ಅದಕ್ಕೆ ಸ್ವಿಚ್ಚಿಲ್ಲ."

ಜುಲಿಯಾನಬಾಯಿ ಬಗ್ಗಿ ಬಂಡೆಗೆ ಅಂಗೈ ಇಟ್ಟರು.
ಬಳೆ ಮೇಲಕ್ಕೆ ಸರಿಸಿ ಮತ್ತೆ ಇಟ್ಟರು.
"ಏನೂ ಗೊತ್ತಾಗುವುದಿಲ್ಲ."
ಸ್ವಲ್ಪ ಹೊತ್ತಿನ ಮೇಲೆ, ಯಾರಿಗೂ ಅಲ್ಲದ ಹಾಗೆ:
"ನಾನು ಗಂಗೊಳ್ಳಿಯವಳು. ಘಟ್ಟ ಹತ್ತಿ ಮೂವತ್ತನಾಲ್ಕು ವರ್ಷ.
ಮೊದಲ ವರ್ಷ ನಿದ್ದೆಯೇ ಬರುತ್ತಿರಲಿಲ್ಲ.
ಇಲ್ಲಿ ಸದ್ದಿರಲಿಲ್ಲ ನೋಡಿ."

ನಾನು ಏನೂ ಹೇಳಲಿಲ್ಲ.
ಪರದೆ ಏರಿತು, ಇಳಿಯಿತು.

ಆ ಗಂಟೆಯಲ್ಲಿ ಬೇರೊಂದು ಅಲೆ, ನಾನು ಕಾಯುವ ಜಾತಿಯದು,
ಹಾದಿರಲೂಬಹುದು. ಈ ಪೆಟ್ಟಿಗೆಗೆ ಅದು ಕೇಳಿಸದು,
ಕೇಳಿಸಲೆಂದು ಇಟ್ಟದ್ದೂ ಅಲ್ಲ.
ಹಾದಿದ್ದರೆ ಹೂವಮ್ಮ, ಡಬ್ಬ, ಡಬ್ಬದ ಮೆಣಸಿನಕಾಯಿ,
ಕ್ವಾರಿಯಲ್ಲಿ ಮಡುಗಟ್ಟಿದ ಹಸಿರು ನೀರು,
ಬಂಡೆಯ ಮೇಲಿನ ಆ ಅಂಗೈ, ನಾನು
ಕೊಂಚ ಉದ್ದವಾಗಿ, ಕೊಂಚ ಗಿಡ್ಡವಾಗಿ
ಮತ್ತೆ ಮೊದಲಿನಂತಾಗಿರಬೇಕು,
ಯಾರ ಲೆಕ್ಕಕ್ಕೂ ಸಿಗದೆ.

ವರದಿಯಲ್ಲಿ "ಸ್ಥಳ ಯೋಗ್ಯವಲ್ಲ" ಎಂದು ಬರೆದೆ.
ಕಾರಣದ ಕಾಲಮ್ಮಿನಲ್ಲಿ ಗಿರಣಿ ಎನ್ನಬಹುದಿತ್ತು.
ಕಡಲು ಎಂದೆ.

ಗಂಟೆಯ ನಷ್ಟಕ್ಕೆ ದುಡ್ಡು ಕೊಡಹೋದರೆ
"ಆ ಕಾಗದ ಕೊಡಿ" ಎಂದರು.
ರಾಗಿಗೆ ಇಷ್ಟು, ಖಾರಕ್ಕೆ ಇಷ್ಟು ಎನ್ನುವ ಹಲಗೆಯ ಪಕ್ಕ
ಮೊಳೆ ಹೊಡೆದಿದ್ದಾರೆ.

ಮೊನ್ನೆ ಹೋದಾಗ
ಹಿಟ್ಟು ಕೂತು ಗೀಟೇ ಕಾಣುತ್ತಿರಲಿಲ್ಲ.
ಜುಲಿಯಾನಬಾಯಿ, ಮೆಷಿನ್ನು ನಿಲ್ಲಿಸದೆ,
ಯಾರದೋ ಗೋಧಿಗೆ ಕೈಯೊಡ್ಡಿದ್ದವರು ಹಾಗೇ ತಿರುಗಿ
ಒಮ್ಮೆ ಊದಿದರು.