ನಿರಿಗೆ

ಹತ್ತಡಿ ಉದ್ದ, ಏಳೂವರೆ ಅಡಿ ಅಗಲ.
ಇಷ್ಟರಲ್ಲೇ ನನ್ನ ಕಾರ್ಖಾನೆ:
ಗರಗಸದ ಮೇಜು, ಒಂದು ಲೇತು, ತೇಗದ ತುಂಡುಗಳು,
ಲಟ್ಟಣಿಗೆ, ಮಣೆ, ಅರ್ಧ ಕಡೆದ ತೊಟ್ಟಿಲ ಕಾಲು,
ಮತ್ತೆ ಬಾಗಿಲಿಗೆ ಅಡ್ಡ ನಿಂತ ಅದು,
ಹರಿಹರದ ಗುಜರಿಯಲ್ಲಿ ಚೌಕಾಸಿ ಮಾಡಿ ತಂದ
ಧೂಳೆಳೆಯುವ ಯಂತ್ರ.
ಕೆಳಗೊಂದು ಚೀಲ, ಮೇಲೊಂದು ಚೀಲ,
ನಡುವೆ ಗೊಣಗುವ ಮೋಟಾರು.
ಚಾಲೂ ಮಾಡಿದರೆ ಮೇಲಿನ ಚೀಲ
ಮದುವೆಯಲ್ಲಿ ಉಂಡೆದ್ದ ದೊಡ್ಡಪ್ಪನ ಹಾಗೆ ಉಬ್ಬಿ
ನನ್ನನ್ನೇ ಗೋಡೆಗೆ ಒತ್ತುತ್ತಿತ್ತು.

ಬೇಡ ಅನ್ನುವಂತಿಲ್ಲ.
ತಾತ ಬಿಲ್ಲು ಹೊತ್ತು ಊರೂರು ಅಲೆದು ಹತ್ತಿ ಹಿಂಜಿದವನು.
ಅಪ್ಪ ಇಲ್ಲೇ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ.
ಭಾನುವಾರ ಸುಮ್ಮನಿದ್ದ ಅವನ ಎದೆ
ಸೋಮವಾರ ಬಿಗಿದುಕೊಳ್ಳುತ್ತಿತ್ತು,
ಯಾಕೆ ಸೋಮವಾರವೇ ಅಂತ ಆಗ ಯಾರೂ ಕೇಳಲಿಲ್ಲ.
ಧೂಳು ನಮ್ಮ ಮನೆಗೆ ಹೊಸಬನಲ್ಲ,
ಬಣ್ಣ ಬದಲಿಸಿದ್ದಾನೆ ಅಷ್ಟೆ.

ಶುಕ್ರವಾರ ನಮಾಜು ಮುಗಿಸಿ ಬಂದು ಬಿಚ್ಚಿದೆ.
ಚಕ್ರದ ಪೀಠ ಕಿತ್ತೆ,
ಮೋಟಾರಿಗೆ ಕಬ್ಬಿಣದ ಆಂಗಲ್ ಕೊಟ್ಟು ಗೋಡೆಗೇರಿಸಿದೆ,
ತಲೆಗಿಂತ ಒಂದು ಗೇಣು ಮೇಲೆ.
ಕೆಳಚೀಲದ ಬದಲು ಎಣ್ಣೆ ಡಬ್ಬ,
ಡಬ್ಬದ ಬಾಯಿಗೆ ಸೈಕಲ್ ಟ್ಯೂಬಿನ ಪಟ್ಟಿ,
ಅದರ ಮೇಲೆ ತಗಡಿನ ಆಲಿಕೆ;
ಗಾಳಿ ಸುಳಿ ತಿರುಗಿ ಹೊಟ್ಟು ಕೆಳಗೆ ಬೀಳಲಿ ಅಂತ.
ಲೆಕ್ಕವೆಲ್ಲ ಸುಣ್ಣದ ಗೋಡೆಯ ಮೇಲೆ ಪೆನ್ಸಿಲಲ್ಲಿ.

ಸ್ವಿಚ್ ಒತ್ತಿದೆ.
ಮೂರು ಎಣಿಸುವಷ್ಟರಲ್ಲಿ ಡಬ್ಬ
ಢಬ್ ಅಂತ ಒಳಗೊಳಗೇ ಕುಸಿದು
ಹಲ್ಲಿಲ್ಲದ ಮುದುಕನ ಕೆನ್ನೆಯಾಯಿತು.
ಪಕ್ಕದ ಮಂಡಕ್ಕಿ ಭಟ್ಟಿಯಿಂದ ದಾದಾಪೀರ
ಕೈಯಲ್ಲಿ ಜರಡಿ ಹಿಡಿದೇ ಓಡಿ ಬಂದ:
"ಏನ್ ಸಿಡೀತು ಬುಡೇನಣ್ಣ?"
"ಸಿಡೀಲಿಲ್ಲ ಮಾರಾಯ. ತನ್ನನ್ನ ತಾನೇ ನುಂಗಿಕೊಂತು."

ಎರಡನೇ ಡಬ್ಬಕ್ಕೆ ಒಳಗೆ ಪ್ಲೈವುಡ್ ಪಕ್ಕೆಲುಬು.
ನಿಂತಿತು.
ಆದರೆ ಮೇಲಿನ ಚೀಲ?
ಮೋಟಾರಿಗೂ ಸೂರಿಗೂ ನಡುವೆ ಎರಡೂವರೆ ಅಡಿ,
ಚೀಲ ಐದಡಿ.
ಅರ್ಧಕ್ಕೆ ಕತ್ತರಿಸಿ ಕಟ್ಟಿದೆ.
ಮೋಟಾರು ಏದುಸಿರು ಬಿಟ್ಟಿತು,
ಹೊಲಿಗೆಯ ಸಂದಿಯಿಂದ ಹಿಟ್ಟಿನಂಥ ಧೂಳು ಹೊರಟು
ಟ್ಯೂಬ್‌ಲೈಟಿನ ಸುತ್ತ, ಅವಸರವೇ ಇಲ್ಲದೆ, ಇಳಿಯತೊಡಗಿತು.
ಆ ಇಳಿಯುವ ರೀತಿ ನನಗೆ ಗೊತ್ತು.
ಅಪ್ಪನ ಹುಬ್ಬಿನ ಮೇಲೆ ನೋಡಿದ್ದೆ.

ಖಾಸಿಂಬಿ ಹೊಸ್ತಿಲಲ್ಲಿ ನಿಂತಿದ್ದಳು,
ತುಟಿಯಲ್ಲಿ ಎರಡು ಗುಂಡುಸೂಜಿ.
ಚೌಕಿಪೇಟೆಯ ಅಂಗಡಿಗೆ ಲಂಗ ಹೊಲಿದು ಕೊಡುವವಳು.
ಸೂಜಿ ತೆಗೆದು ಕೇಳಿದಳು:
"ಬಟ್ಟೆ ಯಾಕೆ ಕತ್ತರಿಸಿದ್ರಿ?
ಉಸಿರಾಡೋದು ಬಟ್ಟೆ, ಚೀಲ ಅಲ್ಲ.
ಅಷ್ಟುದ್ದ ಸೀರೆ
ಸೊಂಟದಾಗ ಗೇಣು ಜಾಗಕ್ಕೆ ಕುಂದ್ರಲ್ಲೇನು?"

ರಾತ್ರಿ ಹನ್ನೊಂದರವರೆಗೆ ಮಷೀನಿನ ಸದ್ದು.
ಕತ್ತರಿಸಿದ್ದನ್ನು ಮತ್ತೆ ಕೂಡಿಸಿ,
ಕೋಳಿಗೂಡಿನ ಜಾಲರಿ ಸುರುಳಿ ಸುತ್ತಿಸಿ,
ಅದರ ಸುತ್ತ ನಿರಿಗೆ ಹಿಡಿದಳು.
ಎಂಬತ್ತೆರಡು.
ನಾನು ಎಣಿಸಿದೆ. ಅವಳು ಎಣಿಸಿರಲಿಲ್ಲ.

ಬೆಳಿಗ್ಗೆ ನಿರಿಗೆಗಳು ಒಮ್ಮೆ ನಡುಗಿ ನೆಟ್ಟಗಾದವು.
ತೇಗ ಸೀಳಿದೆ. ಬೇವು ಸೀಳಿದೆ.
ಟ್ಯೂಬ್‌ಲೈಟಿನ ಸುತ್ತ ಏನೂ ಇಲ್ಲ.
ಆ ಏನೂ ಇಲ್ಲದ್ದನ್ನು
ಬಹಳ ಹೊತ್ತು ನೋಡಿದೆ.

ಬಾಗಿಲ ಬಳಿ ಬಿಡುವಾದದ್ದು ಮೂರಡಿಗೆ ಎರಡಡಿ.
ಅಲ್ಲಿಗೊಂದು ಉಜ್ಜುವ ಮಷೀನು ತರಬೇಕೆಂದು
ಮನಸ್ಸಿನಲ್ಲೇ ಮುಂಗಡ ಕೊಟ್ಟಿದ್ದೆ.
ಉಂಡು ಬರುವಷ್ಟರಲ್ಲಿ ಅವಳ ಹೊಲಿಗೆ ಮಷೀನು ಅಲ್ಲಿತ್ತು,
ಬೆಳಕಿಗೆ ಮುಖ ಮಾಡಿ.
ಅದರ ಮೇಲೆ ಹರಡಿದ್ದು
ಬಿಳಿ ಬಟ್ಟೆ.
ಮರ ಕೊಯ್ಯುವ ಕೋಣೆಯಲ್ಲಿ, ಬಿಳಿ ಬಟ್ಟೆ.

ಡಬ್ಬದ ಹೊಟ್ಟು ಭಟ್ಟಿಯ ಒಲೆಗೆ ಒಯ್ಯಲು ಬಂದ ದಾದಾಪೀರ
ಮೇಲೆ ನೋಡಿ, ಅವಳನ್ನು ನೋಡಿ,
"ಕೂಲಿ ಎಷ್ಟಾತಕ್ಕ?" ಅಂದ.
ತುಳಿಯುವ ಕಾಲು ನಿಲ್ಲಿಸದೆ, ದಾರ ಕಚ್ಚಿ ಹರಿದು,
ಅವಳು:
"ಇನ್ನೂ ಅರ್ಧ ಅಡಿ ಬಾಕಿ ಐತಿ."