ಒಂದಿಂಚು ಒಳಗೆ

ಮೊದಲು ಬಂದದ್ದು ಪ್ಯಾಂಟು, ಆಮೇಲೆ ಮನುಷ್ಯ.
ಕೌಂಟರ್ ಮೇಲೆ ಖಾಕಿ ಇಟ್ಟು
'ಸೊಂಟ ಬಿಗೀತೈತ್ರಿ ಅಕ್ಕಾರ, ಸ್ವಲ್ಪ ಬಿಡಬೇಕು' ಅಂದ.
ಎದೆಯ ಪಟ್ಟಿಯಲ್ಲಿ ಹೆಸರು: ದ್ಯಾವಪ್ಪ.
ಗಂಗಾವತಿ ಕಡೆಯ ಮಾತು, ಶ್ರೀರಾಂಪುರದ ಬೀಟು.

ನಾನು ಟೇಪು ಹುಡುಕಿದೆ. ಕೊರಳಲ್ಲೇ ಇತ್ತು.

ಖಾಕಿಗೆ ಒಂದು ವಾಸನೆ ಇದೆ:
ಗಂಜಿ, ಬೆವರು, ಪೆಟ್ರೋಲು.
ಮೂರು ವರ್ಷದ ಹಿಂದೆ ಒಂದು ರಾತ್ರಿ
ಅದೇ ವಾಸನೆ ನಮ್ಮ ಬಾಗಿಲಲ್ಲಿ ನಿಂತು
'ಎದ್ದೇಳೋ' ಅಂದಿತ್ತು ನನ್ನ ತಮ್ಮ ಲೋಹಿತನಿಗೆ.
ಯಾರದೋ ಮೊಬೈಲು. ಬೆಳಿಗ್ಗೆ 'ಇವನಲ್ಲ' ಅಂತ ಬಿಟ್ಟರು.
ಇವನಲ್ಲ ಅನ್ನೋದಕ್ಕೆ ಒಂದು ರಾತ್ರಿ ಪೂರ್ತಿ ಬೇಕಾಯ್ತು,
ಎರಡು ಅಂಗಾಲೂ ಬೇಕಾದವು.

ಪ್ಯಾಂಟು ಬಿಟ್ಟುಕೊಟ್ಟೆ. ಅರವತ್ತು ರೂಪಾಯಿ.
ಬೇಡ ಅನ್ನಲಿಲ್ಲ ನಾನು, ಕೊಡದೆ ಹೋಗಲಿಲ್ಲ ಅವನು.
ಚಿಲ್ಲರೆ ಎಣಿಸಿಕೊಂಡೆ, ಎರಡು ಸಲ.

ಮುಂದಿನ ವಾರ ಬೀಟ್ ಪುಸ್ತಕದ ಡಬ್ಬಿ ಹಿಡಿದು ಬಂದ.
'ನಿಮ್ಮ ಗ್ವಾಡಿಗೆ ಒಂದು ಮೊಳಿ ಹೊಡೀಲೇನ್ರಿ?'
ಹೊಡೆಯುವ ಮೊದಲು ಕೇಳಿದ ಖಾಕಿ
ಇಷ್ಟು ವರ್ಷದಲ್ಲಿ ಇದೇ ಮೊದಲನೆಯದು.
ಬೇಡ ಅಂದೆ.
ಬೇಡ ಅಂದರೆ ಏನಾಗುತ್ತದೆ ನೋಡೋಣ ಅಂತಲೇ ಅಂದೆ.
ಏನೂ ಆಗಲಿಲ್ಲ.
ಎದುರಿನ ಕರೆಂಟು ಕಂಬಕ್ಕೆ ತಂತಿಯಲ್ಲಿ ಕಟ್ಟಿ ಹೋದ.

ರಾತ್ರಿ ಒಂದೂ ನಲವತ್ತಕ್ಕೆ ಬೈಕು ನಿಲ್ಲುತ್ತದೆ,
ಡಬ್ಬಿ ಕಿರ್ರೆನ್ನುತ್ತದೆ, ಸಹಿ.
ಬರಬರುತ್ತಾ ಅದು ನನ್ನ ನಿದ್ದೆಯ ಒಂದು ಹೊಲಿಗೆ;
ಬಾರದ ರಾತ್ರಿ ಎಚ್ಚರಾಗುತ್ತಿತ್ತು.
ಹಿಂದಿನ ಬೀದಿಯ ಪಳನಿಯಮ್ಮ,
ಗಂಡ ಕುಡಿದು ಬಾಗಿಲು ಒದೆಯುವಾಗ
ನೂರಾ ಹನ್ನೆರಡು ಒತ್ತಲಿಲ್ಲ.
ಒಂದೂ ನಲವತ್ತರವರೆಗೆ ಕಾದಳು.
ಅವನು ಲಾಠಿ ಗಾಡಿಯಲ್ಲೇ ಬಿಟ್ಟು, ಮೆಟ್ಟಿಲ ಮೇಲೆ ಕೂತು
ಕುಡುಕನ ಜೊತೆ ಬೆಳಗಿನ ತನಕ ಮಾತಾಡಿದನಂತೆ.
ಮಾತಾಡಿದನೋ, ಬೈದನೋ, ನನಗೆ ಗೊತ್ತಿಲ್ಲ.
ಬಾಗಿಲು ಮಾತ್ರ ಉಳಿಯಿತು.

ಶ್ರಾವಣದ ಮಳೆಗೆ ಪುಸ್ತಕ ನೆಂದು,
ಸಹಿಗಳೆಲ್ಲ ನೀಲಿ ನೀರಾಗಿ ಕಂಬ ಇಳಿದಾಗ
ಗೋಡೆಗೆ ಮೊಳೆ ನಾನೇ ಹೊಡೆದೆ.
ಲೋಹಿತ ನೋಡಿದ. ಸುತ್ತಿಗೆ ಎತ್ತಿಟ್ಟ. ಏನೂ ಅನ್ನಲಿಲ್ಲ.
ಅವನು ಇವತ್ತಿಗೂ ಹಿಂದಿನ ಸಂದಿಯಿಂದಲೇ ಮನೆಗೆ ಬರುತ್ತಾನೆ.

ಮೊನ್ನೆ ದ್ಯಾವಪ್ಪ ಕೇಳಿದ: 'ಇನ್ನೂ ಬಿಡಬಹುದೇನ್ರಿ, ಪ್ಯಾಂಟು?'
ಒಳಮಗ್ಗುಲು ತಿರುಗಿಸಿ ತೋರಿಸಿದೆ.
ಬಟ್ಟೆ ಇದೆ, ಒಂದಿಂಚು, ಒಳಗೆ ಮಡಿಚಿ.
ಈಗಲೇ ಪೂರ್ತಿ ಬಿಚ್ಚಲ್ಲ.
ಹಾಕ್ಕೊಂಡು ಓಡಾಡಿ ನೋಡಿ.
ಬನ್ನಿ ಆಮೇಲೆ.